ಸಣ್ಣಾಕಿಯ ನೀರಿನ ಬಾಟಲಿ

ನವೆಂಬರ್ 14, 2024, ಗುರುವಾರ
ವಿಜಯಪುರ

ಭಾನುವಾರ ತಂಗಿ ಸಣ್ಣಾಕಿಯ ಸೈಕಲ್ ರೋಡ್ ರೇಸ್. 110 ಕಿ.ಮೀ. ಮನೆಯಲ್ಲಿ ಬೇರೆ ಮಾತೇ ಇಲ್ಲ.

ಇವತ್ತು ಪ್ರಾಕ್ಟೀಸ್ ಮುಗಿಸಿ ಬಂದಳು. ತೊಳೆದಿಡೋಣ ಅಂತ ಸೈಕಲ್‌ನಿಂದ ಬಾಟಲಿ ತೆಗೆದೆ. ಒಂದರ ಮುಚ್ಚಳವನ್ನೇ ಬಿಚ್ಚಿಲ್ಲ. ಇನ್ನೊಂದರಲ್ಲಿ ತಳಕ್ಕೆ ಮೂರು ಬೆರಳಿನಷ್ಟು ನೀರು ಹಾಗೇ ಇದೆ. ಕೊಲ್ಹಾರದ ರಸ್ತೆಯಲ್ಲಿ ಮೂರು ತಾಸು ಸೈಕಲ್ ಹೊಡೆದವಳು ಕುಡಿದಿದ್ದು ಬರೀ ಅರ್ಧ ಲೀಟರ್.

ತೂಕದ ಮಷೀನ್ ಮೇಲೆ ನಿಲ್ಲಿಸಿದೆ. ಬೆಳಿಗ್ಗೆ 49.5 ಇತ್ತು, ಈಗ 48.2. ಒಂದು ಕಿಲೋ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಯ್ತು ಅಂತ ಲೆಕ್ಕ. ಕುಡಿದ ಅರ್ಧ ಲೀಟರ್ ಸೇರಿಸಿದರೆ ಬೆವರಿನಲ್ಲಿ ಹೋಗಿದ್ದು 1.8 ಲೀಟರ್. ಮೈತೂಕದ ನೂರಕ್ಕೆ ಎರಡರಷ್ಟು ನೀರು ಇಳಿದರೇ ಕಾಲು ಭಾರ ಆಗುತ್ತೆ, ಎದೆಬಡಿತ ಏರುತ್ತೆ. ಇವಳದ್ದು ಅದನ್ನೂ ದಾಟಿದೆ. ಅದೂ ನವೆಂಬರ್ ಬಿಸಿಲಿಗೆ.

"ನೀರ ಯಾಕ ಕುಡಿಲಿಲ್ಲ?" ಅಂದೆ.

"ನೆನಪಾಗಲಿಲ್ಲಕ್ಕಾ."

ಮೂರು ತಾಸು ಕಣ್ಣೆದುರಿಗೇ ಇರೋ ಬಾಟಲಿ ನೆನಪಾಗಲ್ವಾ? ನಾನು ಸುಮ್ಮನೆ ನಿಂತೆ. ಅವಳು ಬೂಟು ಬಿಚ್ಚುತ್ತಾ ತಲೆ ಎತ್ತದೆ ಹೇಳಿದಳು:

"ಕುಡದ್ರ ಎಲ್ಲಿ ಹೋಗೂದಕ್ಕಾ? ಹುಡುಗ್ರು ಸೈಕಲ್ ನಿಂದ್ರಿಸಿ ರೋಡ್ ಬಾಜೂಕ ನಿಂತ್ಬಿಡ್ತಾರ. ನಾವೆಲ್ಲಿ ಹೋಗಬೇಕು? ಒಂದ ಗಿಡ ಇಲ್ಲ ಆ ರೋಡಿನ್ಯಾಗ."

ನಿಜ. ಎರಡೂ ಕಡೆ ಎರೆಹೊಲ. ಕಣ್ಣು ಹಾಯಿಸಿದಷ್ಟು ದೂರ ಬಯಲು. ಅಲ್ಲಿ ಮರೆ ಅನ್ನೋದೇ ಇಲ್ಲ.

"ನಾ ಒಬ್ಬಾಕಿ ಅಲ್ಲ. ಎಲ್ಲಾ ಹುಡುಗ್ಯಾರೂ ಹಂಗ ಮಾಡ್ತೀವಿ. ಹಿಂದಿನ ರಾತ್ರಿಯಿಂದನ ಕಡಿಮಿ ಕುಡಿತೀವಿ."

ಹಿಂದಿನ ರಾತ್ರಿಯಿಂದ! ಅಂದ್ರೆ ಒಣಗಿಕೊಂಡೇ ಶುರು ಮಾಡ್ತಾರೆ. ಆಸ್ಪತ್ರೆಯ ವಾರ್ಡಿನಲ್ಲಿ ನಾನು ದಿನಾ ನೋಡ್ತೀನಿ. ಶಾಲೆಗೆ ಹೋಗೋ ಹುಡುಗಿಯರು ಇದೇ ಕಾರಣಕ್ಕೆ ನೀರು ಬಿಟ್ಟು, ಉರಿಮೂತ್ರ ಅಂತ ಅಳುತ್ತಾ ಬರ್ತಾರೆ. ಅವರಿಗೆಲ್ಲ ನೀರು ಕುಡೀರಿ ಅಂತ ಹೇಳೋಳು ನಾನೇ. ಮನೆಯಲ್ಲೂ ಅದೇ ಕಥೆ ಅಂತ ತಿಳಿದಾಗ ಎದೆ ಧಸಕ್ ಅಂತು.

ಅದಕ್ಕೇ ಇಬ್ಬರೂ ಕೂತು ಲೆಕ್ಕ ಹಾಕಿದೆವು. ರೇಸ್ ಏಳಕ್ಕೆ. ನಾಲ್ಕಕ್ಕೆ ಎದ್ದು ಅರ್ಧ ಲೀಟರ್ ಕುಡಿಯಬೇಕು. ಜಾಸ್ತಿಯಾಗಿದ್ದು ಏಳರೊಳಗೆ ಹೊರಗೆ ಹೋಗುತ್ತೆ, ಅಲ್ಲಿ ಶೌಚಾಲಯ ಇರುತ್ತೆ. ಆಮೇಲೆ ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು. ಅವಳ ಬೆವರು ತಾಸಿಗೆ ಸುಮಾರು 600 ಎಂ.ಎಲ್. ಅದಕ್ಕಿಂತ ಸ್ವಲ್ಪ ಕಡಿಮೆ ಕುಡಿದರೆ ನೀರೆಲ್ಲ ಬೆವರಿಗೇ ಹೋಗುತ್ತೆ, ದಾರಿಯಲ್ಲಿ ತೊಂದರೆ ಆಗೋದು ಕಡಿಮೆ. ಹಾಗಂತ ಸಿಕ್ಕಾಪಟ್ಟೆ ಬರೀ ನೀರು ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿದುಹೋಗುತ್ತೆ. ಅದು ಇನ್ನೂ ಅಪಾಯ.

ಕೇಳಿದಳು. ತಲೆ ಆಡಿಸಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

ನೀರು ಕಡಿಮೆ ಕುಡಿದವನೇ ಗಟ್ಟಿಗ ಅಂತ ನಂಬಿದ್ದ ಕಾಲವೂ ಒಂದಿತ್ತು. ಫ್ರಾನ್ಸಿನ ದೊಡ್ಡ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನಲ್ಲೇ ಸವಾರರು ಎಷ್ಟು ಬಾಟಲಿ ತೆಗೆದುಕೊಳ್ಳಬಹುದು ಅನ್ನೋದಕ್ಕೆ ಮಿತಿ ಇತ್ತು. ಬಾಯಾರಿದವರು ದಾರಿಯ ಹೋಟೆಲಿಗೆ ನುಗ್ಗಿ ಸಿಕ್ಕ ಬಾಟಲಿ ಎತ್ತಿಕೊಂಡು ಬರುತ್ತಿದ್ದರು. ಅದೇ ರೇಸಿನಲ್ಲಿ 1967ರ ಜುಲೈ 13ರಂದು ಮಾಂಟ್ ವೆಂಟೂ ಬೆಟ್ಟ ಹತ್ತುವಾಗ ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಕುಸಿದು ಸತ್ತರು. ಸುಡುವ ಬಿಸಿಲು, ಒಣಗಿದ ಮೈ. ಮೈಯಲ್ಲಿ ಆಂಫೆಟಮಿನ್ ಅನ್ನೋ ಉತ್ತೇಜಕ ಮದ್ದು, ಮದ್ಯವೂ ಇತ್ತು. ಆ ಮಿತಿ ಈಗ ಇಲ್ಲ. ನಮ್ಮ ಹುಡುಗಿಯರಿಗೆ ಮಾತ್ರ ಯಾರೂ ಬರೆದಿಡದ ಮಿತಿಯೊಂದು ಇನ್ನೂ ಇದೆ.

ರಾತ್ರಿ ಊಟಕ್ಕೆ ಕೂತಾಗ ಇನ್ನೊಂದು. ಒಂದೇ ರೊಟ್ಟಿ ತಿಂದು ಎದ್ದಳು.

ಅವ್ವ ಬಿಡಲಿಲ್ಲ. "ಯಾಕವಾ, ಒಂದ ರೊಟ್ಟಿಗೆ ಹೊಟ್ಟಿ ತುಂಬ್ತೇನು?"

"ಹಗರ ಇರಬೇಕವ್ವಾ."

ಯಾರೋ ಹೇಳಿದ್ದಾರಂತೆ, ಎರಡು ಕಿಲೋ ಇಳಿಸಿದರೆ ಏರಿನಲ್ಲಿ ಹಾರಿಹೋಗ್ತೀಯ ಅಂತ. ನಲವತ್ತೊಂಬತ್ತೂವರೆ ಕಿಲೋ ಹುಡುಗಿಗೆ ಹೇಳೋ ಮಾತಾ ಇದು? ಏರಿನಲ್ಲಿ ತೂಕದ ಲೆಕ್ಕ ಇದೆ, ಇಲ್ಲ ಅನ್ನಲ್ಲ. ಆದರೆ ಕಾಲಿಗೆ ಬಲ ಎಲ್ಲಿಂದ ಬರಬೇಕು? ಸ್ನಾಯು, ಲಿವರ್ ಎರಡೂ ಸೇರಿ ದೊಡ್ಡವರ ಮೈಯಲ್ಲಿ ಕೂಡಿಡೋ ಸಕ್ಕರೆ 400-500 ಗ್ರಾಂ ಅಷ್ಟೇ. ಇವಳಷ್ಟು ಸಣ್ಣ ಮೈಯಲ್ಲಿ ಇನ್ನೂ ಕಡಿಮೆ. ರೇಸಿನ ಹಿಂದಿನ ದಿನಗಳಲ್ಲಿ ಅನ್ನ, ರೊಟ್ಟಿ ಬಿಟ್ಟರೆ ಅದೂ ತುಂಬಲ್ಲ. ಆಮೇಲೆ 80ನೇ ಕಿಲೋಮೀಟರಿಗೆ ಕಣ್ಣು ಕತ್ತಲೆ ಬಂತು ಅಂತಾರೆ.

ಬಲಕ್ಕಿಂತ ದೊಡ್ಡ ಚಿಂತೆ ಬೇರೆ ಇದೆ. ಬೆವರು ಸುರಿಸೋದಕ್ಕೆ ತಕ್ಕಷ್ಟು ತಿನ್ನದಿದ್ದರೆ ಮುಟ್ಟು ನಿಲ್ಲುತ್ತೆ, ಮೂಳೆ ಸವೆಯುತ್ತೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೊಂದು ಹೆಸರು ಕೊಟ್ಟು ಎಚ್ಚರಿಸಿದೆ. ಅವ್ವ ಆಚೆ ಹೋದಮೇಲೆ ಅವಳನ್ನ ಕೇಳಿದೆ. ಅವಳು ಹೇಳಿದ್ದನ್ನ ಇಲ್ಲಿ ಬರೆಯಲ್ಲ. ರೇಸ್ ಮುಗಿದ ಮಾರನೇ ದಿನ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗ್ತೀನಿ.

ಆಮೇಲೆ ಹೇಗೋ ಮನೆ ಮತ್ತೆ ಹಗುರಾಯ್ತು. ಅವ್ವ ಭಾನುವಾರ ಬೆಳಿಗ್ಗೆ ಶೇಂಗಾ ಹೋಳಿಗೆ ಮಾಡಿ, ತುಪ್ಪ ಹಾಕಿ ಕಳಿಸ್ತೀನಿ ಅಂತ ಕೂತಿದ್ದಾಳೆ. ಬೇಡವ್ವಾ, ಎಣ್ಣೆಕಾಳು, ತುಪ್ಪ ಹೊಟ್ಟೆಯಲ್ಲಿ ತಾಸುಗಟ್ಟಲೆ ಕೂತಿರುತ್ತೆ ಅಂದೆ. ಚುನಮುರಿ ಸೂಸಲ ಮಾಡು. ಖಾರ ಕಡಿಮೆ, ಪುಟಾಣಿ ಹಿಟ್ಟು ಕಡಿಮೆ, ಉಪ್ಪು ಸ್ವಲ್ಪ ಮುಂದಾಗಿಯೇ ಇರಲಿ. ನಾಲ್ಕೂವರೆಗೆ ತಿಂದರೆ ಏಳರಷ್ಟರಲ್ಲಿ ಹೊಟ್ಟೆ ಹಗುರ. ದಿನಾ ತಿನ್ನೋದೇ, ಹೊಟ್ಟೆಗೆ ಹೊಸದೇನಲ್ಲ. ರೇಸಿನ ದಿನ ಹೊಸದನ್ನ ಬಾಯಿಗೆ ಹಾಕಲೇಬಾರದು. ಹೋಳಿಗೆ, ಕೊಲ್ಹಾರದ ಗಡಿಗೆ ಮೊಸರು ಎಲ್ಲ ಬಂದಮೇಲೆ.

ಬಾಟಲಿಗೆ ಓಆರ್‌ಎಸ್ ಸಾಕಲ್ವಾ ಅಂತ ಸಣ್ಣಾಕಿ ಕೇಳಿದಳು. ಅದು ವಾಂತಿಭೇದಿಗೆ ಮಾಡಿದ್ದು. ಒಂದು ಲೀಟರಿಗೆ ಗ್ಲೂಕೋಸ್ ಇರೋದು 13.5 ಗ್ರಾಂ. ಉಪ್ಪು ಸಿಗುತ್ತೆ, ಕಾಲಿಗೆ ಬೇಕಾದಷ್ಟು ಸಕ್ಕರೆ ಸಿಗಲ್ಲ. ಇಷ್ಟು ಉದ್ದದ ರೇಸಿಗೆ ತಾಸಿಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಒಳಗೆ ಹೋಗಬೇಕು. 750 ಎಂ.ಎಲ್. ಬಾಟಲಿಗೆ 40 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಒಂದು ನಿಂಬೆಹಣ್ಣು ಅಂತ ನಿಗದಿ ಮಾಡಿದೆ. ಅವ್ವ ಚಮಚದಲ್ಲಿ ಅಳೆದಳು. ಎಂಟು, ಒಂಬತ್ತು, ಹತ್ತು. "ಹತ್ತ ಚಮಚ ಸಕ್ಕರಿ! ಕೂಸಿಗೆ ಸಕ್ಕರಿ ಬ್ಯಾನಿ ಬರ್ತೈತಿ!" ಅಂತ ಚಮಚ ಕೆಳಗಿಟ್ಟುಬಿಟ್ಟಳು. ಓಡ್ತಾ ಇರೋ ಕಾಲು ಅದನ್ನ ಆಗಿಂದಾಗ್ಲೇ ಉರಿಸಿಬಿಡುತ್ತೆ ಅಂತ ಒಪ್ಪಿಸೋಕೆ ಬಹಳ ಹೊತ್ತು ಹಿಡಿಯಿತು.

ಜೇಬಿಗೆ ತಿಕೋಟಾ ಕಡೆಯ ಒಣದ್ರಾಕ್ಷಿ. ಇದು ಅವ್ವನದೇ ಯೋಚನೆ, ಇದಕ್ಕಿಂತ ಒಳ್ಳೇದು ನನಗೆ ಹೊಳೆಯಲಿಲ್ಲ. ಒಂದು ಹಿಡಿ, ಸುಮಾರು 30 ಗ್ರಾಂ, ತಿಂದರೆ 24 ಗ್ರಾಂ ಸಕ್ಕರೆ ಅಂಶ. ಗ್ಲೂಕೋಸ್, ಫ್ರಕ್ಟೋಸ್ ಹೆಚ್ಚುಕಡಿಮೆ ಸಮಸಮ. ಎರಡೂ ಕರುಳಿನಲ್ಲಿ ಬೇರೆ ಬೇರೆ ದಾರಿಯಿಂದ ರಕ್ತ ಸೇರುತ್ತವೆ, ಅದಕ್ಕೇ ಒಂದೇ ದಾರಿಯಲ್ಲಿ ನೂಕುನುಗ್ಗಲು ಆಗಲ್ಲ. ಮೊದಲು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿದ್ದೆವು. ಸಣ್ಣಾಕಿ ಗ್ಲೌಸ್ ಹಾಕಿಕೊಂಡು ಅಂಗಳದಲ್ಲಿ ಸೈಕಲ್ ಮೇಲೆ ಕೂತು ಒಂದೇ ಕೈಯಲ್ಲಿ ಬಿಚ್ಚಲು ನೋಡಿದಳು. ಆಗಲಿಲ್ಲ. ಹಲ್ಲಿನಿಂದ ಎಳೆದಾಗ ಅರ್ಧ ಕೆಳಗೆ ಚೆಲ್ಲಿತು. ಅವ್ವ ಬಟರ್ ಪೇಪರ್ ಕತ್ತರಿಸಿ ಹಿಡಿ ಹಿಡಿಯಾಗಿ ಸುತ್ತಿ, ಎರಡೂ ತುದಿ ತಿರುವಿಕೊಟ್ಟಳು. ತುದಿ ಹಲ್ಲಲ್ಲಿ ಕಚ್ಚಿ ಎಳೆದರೆ ಸೀದಾ ಬಾಯಿಗೆ. ಮೊದಲನೇದು 20ನೇ ಕಿಲೋಮೀಟರಿಗೇ ತಿನ್ನಬೇಕು, ಹಸಿವಾಗಲಿ ಅಂತ ಕಾಯೋ ಹಾಗಿಲ್ಲ ಅಂತ ಹೇಳಿದ್ದೀನಿ.

ತಿನ್ನೋದಕ್ಕೆ ಒಪ್ಪಿದಳು. ಎರಡನೇ ರೊಟ್ಟಿಯನ್ನೂ ತಿಂದಳು, ಮೊಸರು ಕಲಸಿಕೊಂಡು.

ಆದರೆ ಮಲಗೋ ಮುಂಚೆ ಮತ್ತೆ ಕೇಳಿದಳು: "ಅಕ್ಕಾ, ಆದ್ರೂ ನಡುವ ಬಂದ್ರ?"

ಇದಕ್ಕೆ ನನ್ನ ಯಾವ ಲೆಕ್ಕವೂ ಉತ್ತರ ಅಲ್ಲ. ಹಿಂದೆ ಬರೋ ಗಾಡಿಗಳಲ್ಲಿ ಒಂದನ್ನ ಮುಚ್ಚಿದ ಗಾಡಿ ಮಾಡಿ ಹುಡುಗಿಯರಿಗೆ ಬಿಡಬಹುದು. ದಾರಿಯ ಪೆಟ್ರೋಲ್ ಬಂಕಿನವರಿಗೆ ಮೊದಲೇ ಹೇಳಿ ಶೌಚಾಲಯದ ಬೀಗ ತೆಗೆಸಿಡಬಹುದು. ನೀರು ಕೊಡೋ ಜಾಗದಲ್ಲಿ ನಾಲ್ಕು ಕೋಲು ನೆಟ್ಟು ಬಟ್ಟೆ ಕಟ್ಟಿದರೂ ಆದೀತು. ನಾಳೆ ಬೆಳಿಗ್ಗೆಯೇ ಅವಳ ಕೋಚ್ ಸರ್‌ಗೆ ಫೋನ್ ಮಾಡಬೇಕು ಅಂದುಕೊಂಡಿದ್ದೀನಿ. ಸಣ್ಣಾಕಿ ಬ್ಯಾಡ ಅಂತಾಳೆ, ಹುಡುಗ್ರು ನಗ್ತಾರ ಅಂತಾಳೆ. ಅವಳ ಹೆಸರು ಹೇಳದೆ ಕೇಳಬಹುದು. ಅಥವಾ ಉಳಿದ ಹುಡುಗಿಯರ ಮನೆಯವರಿಗೂ ಫೋನ್ ಮಾಡಿ, ಎಲ್ಲರೂ ಸೇರಿಯೇ ಕೇಳಿದರೆ ಹೇಗೆ?