ಸ್ಟಾಫ್ ರೂಮಿನ ಫೋನ್, ಒಂಬತ್ತನೇ ತರಗತಿಯ ಸ್ಪೀಕರ್

ನಾನು ಒಂದು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟ್ರು. ಪ್ರೊಜೆಕ್ಟರ್, ಮೈಕ್, ಸ್ಪೀಕರ್ ಏನೇ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ಹೋದ ವರ್ಷ ನಾಲ್ಕು ತರಗತಿಗಳಿಗೆ ಬ್ಲೂಟೂತ್ ಇರುವ ಸ್ಪೀಕರ್ ಬಾಕ್ಸ್ ಬಂದವು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದ ಪಾಠವನ್ನು ಇಡೀ ಕ್ಲಾಸಿಗೆ ಕೇಳಿಸಬಹುದು ಅಂತ ಎಲ್ಲರಿಗೂ ಖುಷಿ. ಗೋಡೆಗೆ ಬಾಕ್ಸ್ ಹಾಕಿಸಿ, ಎಲ್ಲರ ಫೋನಿಗೂ ಜೋಡಿಸಿ ಕೊಟ್ಟವನು ನಾನೇ.

ಒಂದು ದಿನ ಒಂಬತ್ತನೇ ತರಗತಿಯಲ್ಲಿ ಮೂರನೇ ಪೀರಿಯಡ್ ನನ್ನದು. 52 ಮಕ್ಕಳು. ಗಂಟಲು ಕಟ್ಟಿತ್ತು, ಮೈಕ್ ಬೇಕಿತ್ತು, ಬಾಕ್ಸ್ ಆನ್ ಮಾಡಿದೆ. ಹತ್ತು ನಿಮಿಷ ಆಗಿರಬೇಕು. ಸ್ಪೀಕರಿನಿಂದ ಒಂದು ಹೆಣ್ಣು ದನಿ, ಕ್ಲಾಸ್ ತುಂಬ ಕೇಳುವಷ್ಟು ಜೋರಾಗಿ: "ಮೇಡಂ, ಆಸ್ಪತ್ರೆಯಿಂದ ಮಾತಾಡ್ತಿದೀವಿ. ನಿಮ್ಮ ರಿಪೋರ್ಟ್ ಬಂದಿದೆ..." ಮಕ್ಕಳೆಲ್ಲ ತಲೆ ಎತ್ತಿದರು. ನಾನು ಓಡಿಹೋಗಿ ಗೋಡೆಯ ಸ್ವಿಚ್ಚನ್ನೇ ಆರಿಸಿದೆ. ಆಚೆ ಸ್ಟಾಫ್ ರೂಮಿನಲ್ಲಿ ನಮ್ಮ ಕನ್ನಡ ಮೇಡಂ ಕಿವಿಗೆ ಫೋನ್ ಹಿಡಿದು "ಹಲೋ, ಹಲೋ, ಕೇಳಿಸ್ತಿಲ್ಲ" ಅನ್ನುತ್ತಿದ್ದರು.

ಅವರ ತಪ್ಪೇನೂ ಇರಲಿಲ್ಲ. ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ಅದೇ ಬಾಕ್ಸಿನಲ್ಲಿ ಪದ್ಯ ಕೇಳಿಸಿದ್ದರು, ಅಷ್ಟೇ. ಇಂಥ ಬಾಕ್ಸ್ ಆನ್ ಆದ ತಕ್ಷಣ, ಕೊನೆಯ ಸಲ ಜೋಡಿಯಾಗಿದ್ದ ಫೋನನ್ನು ತಾನೇ ಹುಡುಕಿ ಸೇರಿಸಿಕೊಳ್ಳುತ್ತದೆ. ಫೋನಿನ ಬ್ಲೂಟೂತ್ ಸಾಮಾನ್ಯವಾಗಿ ಸುಮಾರು 10 ಮೀಟರ್ ತಲುಪುತ್ತದೆ. ನಮ್ಮ ಸ್ಟಾಫ್ ರೂಮಿಗೂ ಆ ತರಗತಿಗೂ ನಡುವೆ ಇರುವುದು ಒಂದೇ ಗೋಡೆ. ಹಾಡಿಗೆ ಒಂದು ದಾರಿ, ಕರೆಗೆ ಇನ್ನೊಂದು ದಾರಿ. ಜೋಡಿಸುವಾಗ ಫೋನ್ ಎರಡನ್ನೂ ಒಟ್ಟಿಗೇ ತೆರೆದುಬಿಡುತ್ತದೆ. ಇದು ನನಗೆ ಗೊತ್ತಿತ್ತು. ಆದರೂ ಯಾರ ಫೋನಿನಲ್ಲೂ ಕರೆಯ ದಾರಿ ಮುಚ್ಚಿ ಕೊಟ್ಟಿರಲಿಲ್ಲ. ಅವತ್ತೇ ಮೇಡಂ ಹತ್ತಿರ ಹೋಗಿ ಕ್ಷಮೆ ಕೇಳಿದೆ.

ಸಂಜೆ ಎಲ್ಲರ ಫೋನ್ ಇಸ್ಕೊಂಡು ಕೂತೆ. ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಆ ಸ್ಪೀಕರ್ ಹೆಸರಿನ ಪಕ್ಕದ ಗುರುತು ಒತ್ತಿದರೆ 'ಫೋನ್ ಕಾಲ್ಸ್', 'ಮೀಡಿಯಾ ಆಡಿಯೋ' ಅಂತ ಎರಡು ಸ್ವಿಚ್ ಬರುತ್ತವೆ. ಮೊದಲನೆಯದನ್ನು ಆಫ್ ಮಾಡಿದರೆ ಕರೆ ಫೋನಿನಲ್ಲೇ ಉಳಿಯುತ್ತದೆ. ಆದರೆ ವಾಟ್ಸ್ಯಾಪ್‌ನಲ್ಲಿ ಬಂದ ವಿಡಿಯೋ ಒತ್ತಿದರೆ ಅದು ಮೀಡಿಯಾ ಲೆಕ್ಕ. ಅದು ಮತ್ತೆ ಕ್ಲಾಸಿನಲ್ಲೇ ಕೇಳಿಸುತ್ತದೆ. ಹಾಗಾಗಿ ಎಲ್ಲ ಫೋನಿನಿಂದಲೂ ಬಾಕ್ಸಿನ ಹೆಸರನ್ನೇ ಅಳಿಸಿದೆ. ಬಾಕ್ಸಿನ ನೆನಪಿನಲ್ಲಿದ್ದ ಫೋನುಗಳನ್ನೂ ಅಳಿಸಿದೆ.

ಆಮೇಲೆ ಸುಮ್ನೆ ಪರೀಕ್ಷೆ ಮಾಡೋಣ ಅಂತ, ಹಿಂದೆಂದೂ ಜೋಡಿಸದ ಒಂದು ಫೋನ್ ತಗೊಂಡು ಕಾರಿಡಾರಿನಲ್ಲಿ ನಿಂತು ಬಾಕ್ಸಿನ ಹೆಸರು ಒತ್ತಿದೆ. ಒಂದೇ ಕ್ಷಣಕ್ಕೆ ಸೇರಿಕೊಂಡಿತು. ಪಿನ್ ಇಲ್ಲ, ಅನುಮತಿ ಇಲ್ಲ, ಏನೂ ಇಲ್ಲ. ಎದೆ ಧಸಕ್ ಅಂದಿತು.

2007ರಲ್ಲಿ ಬಂದ ಬ್ಲೂಟೂತ್ 2.1ರಿಂದ ಜೋಡಿಸುವ ಕ್ರಮ ಬದಲಾಗಿದೆ. ಎರಡೂ ಕಡೆ ಸ್ಕ್ರೀನ್ ಇದ್ದರೆ ಆರು ಅಂಕಿಯ ಒಂದು ಸಂಖ್ಯೆ ಎರಡರಲ್ಲೂ ಕಾಣುತ್ತದೆ, ನಾವು ಹೋಲಿಸಿ ನೋಡಿ ಒಪ್ಪುತ್ತೇವೆ. ಸಂಖ್ಯೆ ತೋರಿಸಲು, ಒತ್ತಲು ಜಾಗವಿಲ್ಲದ ಬಾಕ್ಸ್ ಏನು ಮಾಡಬೇಕು? ಕೇಳಿದವರಿಗೆಲ್ಲ ಹೂಂ ಅನ್ನುತ್ತದೆ. ಅದಕ್ಕಿಂತ ಹಳೆಯ ಬಾಕ್ಸುಗಳಲ್ಲಿ ಪಿನ್ ಇರುತ್ತಿತ್ತು, ಆದರೆ ಅದು 0000 ಅಥವಾ 1234. ಅದನ್ನು ಬೀಗ ಅನ್ನೋದಕ್ಕೆ ಆಗುತ್ತಾ? ಒಳ್ಳೆಯ ಬಾಕ್ಸುಗಳಲ್ಲಿ ಬಟನ್ ಒತ್ತಿ ಹಿಡಿದರೆ ಮಾತ್ರ ಹೊಸ ಫೋನ್ ಸೇರುತ್ತದೆ. ಹೊಸದಾಗಿ ತಗೊಳ್ಳುವವರು ಅಂಗಡಿಯಲ್ಲಿ ಇದೊಂದನ್ನು ಕೇಳಿಯೇ ತಗೊಳ್ಳಿ. ನಮ್ಮವು ಹಾಗಿರಲಿಲ್ಲ.

ನಮ್ಮ ಬಾಕ್ಸ್ ಒಂದು ಸಲಕ್ಕೆ ಒಂದೇ ಫೋನನ್ನು ಸೇರಿಸಿಕೊಳ್ಳುತ್ತದೆ. ಹಾಗಾದರೆ ಕ್ಲಾಸಿನ ಲ್ಯಾಪ್‌ಟಾಪನ್ನೇ ಯಾವಾಗಲೂ ಜೋಡಿಸಿ ಇಟ್ಟರೆ ಬೇರೆಯವರಿಗೆ ಜಾಗವೇ ಇರಲ್ಲ ಅಂದುಕೊಂಡೆ. ಒಂದು ವಾರ ಚೆನ್ನಾಗಿ ನಡೆಯಿತು. ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋದಾಗೆಲ್ಲ ಜಾಗ ಖಾಲಿ. ಅದೂ ಅಲ್ಲದೆ ನಾಲ್ಕೂ ಬಾಕ್ಸಿಗೆ ಒಂದೇ ಹೆಸರು, ಹೆಸರು ಬದಲಿಸುವ ಸೌಲಭ್ಯವೂ ಇಲ್ಲ. ಎಂಟನೇ ತರಗತಿಯ ಪಾಠ ಪಕ್ಕದ ಹತ್ತನೇ ತರಗತಿಯಲ್ಲಿ ಕೇಳಿಸಿತು. ಅವರಿಗೆ ಅವತ್ತು ಟೆಸ್ಟ್ ಇತ್ತು, ಪಾಪ.

ಕೊನೆಗೆ ವೈರಿಗೆ ಬಂದೆ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಬಾಕ್ಸಿನ ಆಕ್ಸ್‌ಗೆ (ಹೊರಗಿನ ದನಿಗೆ ವೈರ್ ಸಿಕ್ಕಿಸುವ ತೂತು) ಐದು ಮೀಟರ್ ವೈರ್. ನಮ್ಮ ಬಾಕ್ಸನ್ನು ಆಕ್ಸ್ ಮೋಡ್‌ಗೆ ಹಾಕಿದರೆ ಬ್ಲೂಟೂತ್ ಪೂರ್ತಿ ನಿಲ್ಲುತ್ತದೆ. ಯಾವ ಫೋನಿಗೂ ಅದರ ಹೆಸರು ಕಾಣುವುದಿಲ್ಲ. ಮೈಕ್ ಮಾತ್ರ ಎಂದಿನಂತೆ ಕೆಲಸ ಮಾಡುತ್ತದೆ. ಇನ್ನೊಂದು ಲಾಭವೂ ಸಿಕ್ಕಿತು. ಬ್ಲೂಟೂತ್‌ನಲ್ಲಿ ದನಿ ಸ್ವಲ್ಪ ತಡವಾಗಿ ಬರುತ್ತದೆ, ವಿಡಿಯೋದಲ್ಲಿ ತುಟಿ ಮೊದಲು, ಮಾತು ಆಮೇಲೆ. ಇಂಗ್ಲಿಷ್ ಉಚ್ಚಾರಣೆ ಕಲಿಯುವ ಮಕ್ಕಳಿಗೆ ಅದು ನಿಜವಾಗಿ ತೊಂದರೆ. ವೈರಿನಲ್ಲಿ ಆ ತಡ ಇಲ್ಲ. ಚಾರ್ಜರ್ ಹಾಕಿದ್ದಾಗ ಗುಂಯ್ ಅಂತ ಒಂದು ಸದ್ದು ಬಂತು. ಪಾಠ ಕೇಳಿಸುವಾಗ ಚಾರ್ಜರ್ ತೆಗೆದರೆ ಹೋಗುತ್ತದೆ.

ಫೋನ್ ಹಿಡಿದು ಓಡಾಡುತ್ತಲೇ ಪಾಠ ಮಾಡುವವರೂ ಇದ್ದಾರೆ. ಅವರಿಗಾಗಿ ಆಕ್ಸ್‌ಗೆ ಸಿಕ್ಕಿಸುವ ಪುಟ್ಟ ಬ್ಲೂಟೂತ್ ರಿಸೀವರ್ ಒಂದು ತಂದಿದ್ದೇನೆ. ಬೆರಳಿನಷ್ಟೇ ಇದೆ. ಬೇಕಾದವರು ಅಲ್ಮೇರಾದಿಂದ ತಗೊಂಡು, ಪೀರಿಯಡ್ ಮುಗಿದ ಮೇಲೆ ಅಲ್ಲೇ ಇಟ್ಟು ಬೀಗ ಹಾಕಬೇಕು. ಕನ್ನಡ ಮೇಡಂ ಅದನ್ನು ಮುಟ್ಟುವುದಿಲ್ಲ. ಅವರು ವೈರನ್ನೇ ಬಳಸುತ್ತಾರೆ. ನಾನೂ ಒತ್ತಾಯ ಮಾಡಿಲ್ಲ.

ಒಂದು ತೊಂದರೆ ಮಾತ್ರ ಹಾಗೇ ಉಳಿದಿದೆ. ಕರೆಂಟ್ ಹೋಗಿ ಬಂದರೆ ಬಾಕ್ಸ್ ತಾನಾಗಿ ಬ್ಲೂಟೂತ್ ಮೋಡ್‌ಗೆ ಮರಳುತ್ತದೆ. ನಮ್ಮೂರಲ್ಲಿ ಕರೆಂಟ್ ಹೋಗದ ದಿನ ಕಡಿಮೆ. ಹಾಗಾಗಿ ನಾಲ್ಕೂ ತರಗತಿಯ ಲೀಡರುಗಳನ್ನು ಬಾಕ್ಸಿನ ಮುಂದೆ ನಿಲ್ಲಿಸಿ, ನೀಲಿ ಲೈಟ್ ಮಿನುಗುತ್ತಿದ್ದರೆ ಮೋಡ್ ಬಟನ್ ಒತ್ತಿ, ಅದು ಆರುವವರೆಗೆ ಬಿಡಬೇಡಿ ಅಂತ ತೋರಿಸಿಕೊಟ್ಟೆ. ಮೊನ್ನೆ ಪಾಠದ ನಡುವೆ ಕರೆಂಟ್ ಹೋಗಿ ಬಂತು. ನಾನು ಬೋರ್ಡಿನ ಕಡೆ ತಿರುಗಿದ್ದೆ. ಒಂಬತ್ತನೇ ತರಗತಿಯ ಲೀಡರ್ ಹುಡುಗಿ ಎದ್ದು ಹೋಗಿ, ಬೆಂಚಿನ ಮೇಲೆ ಹತ್ತಿ ಬಟನ್ ಒತ್ತಿ, ಲೈಟ್ ಆರಿದ್ದು ನೋಡಿಕೊಂಡು ವಾಪಸ್ ಬಂದು ಕೂತಳು.