ಅತ್ತೆ ಒಬ್ರೇ ಇರ್ತಾರೆ, ಇರ್ಲಿ ಬಿಡಿ

ಯಾವುದೇ ಮದುವೆ, ಮುಂಜಿ, ಗೃಹಪ್ರವೇಶಕ್ಕೆ ಹೋಗ್ಲಿ, ಪಂಕ್ತಿಲಿ ಪಕ್ಕ ಕೂತವರು ಪಾಯಸ ಬರೋದ್ರೊಳಗೆ ಕೇಳೇ ಕೇಳ್ತಾರೆ, "ಅಲ್ಲಾ, ನಿಮ್ಮತ್ತೆನ ಇನ್ನೂ ಒಬ್ರನ್ನೇ ಬಿಟ್ಟಿದೀರಾ?" ಅಂತ. ನಾವೆಲ್ಲಿ ಬಿಟ್ಟಿದೀವಿ ಸ್ವಾಮಿ, ಅವರೇ ನಮ್ಮನ್ನ ಬಿಟ್ಟು ಆರಾಮಾಗಿದಾರೆ.

ಅಪ್ಪನ ಅಕ್ಕ ಅವರು, 81 ವರ್ಷ, ಮದುವೆ ಆಗಿಲ್ಲ. ಟೆಲಿಫೋನ್ ಡಿಪಾರ್ಟ್‌ಮೆಂಟಲ್ಲಿ ಆಪರೇಟರ್ ಆಗಿದ್ರು, ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಲೆ ಕಾಯ್ತಿದ್ದ ಕಾಲದೋರು. ಮೈಸೂರಲ್ಲಿ ಕುವೆಂಪುನಗರದಲ್ಲಿ ಸ್ವಂತ ದುಡ್ಡಲ್ಲಿ ಕಟ್ಟಿಸಿದ ಮನೆ, ಪೆನ್ಷನ್ ಬರುತ್ತೆ, ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡೋ ಅಭ್ಯಾಸ. ಬೆಂಗಳೂರಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಬಂದ್ರೆ ಎರಡನೇ ದಿನಕ್ಕೇ ಬ್ಯಾಗಿನ ಜಿಪ್ ಹಾಕೋ ಸದ್ದು ಕೇಳುತ್ತೆ. ಹಂಗಾಗಿ ಅವರನ್ನ ಇಲ್ಲಿಗೆ ಕರ್ಕೊಂಡು ಬರೋ ಮಾತು ಬಿಟ್ಟು, ಅಲ್ಲೇ ಹೆಂಗೆ ಚೆನ್ನಾಗಿರಬಹುದು ಅಂತ ನೋಡೋಕೆ ಶುರು ಮಾಡಿದ್ವಿ. ಅದರಲ್ಲಿ ನನಗೆ ಗೊತ್ತಾಗಿದ್ದು ಏನಂದ್ರೆ, ನಾವು ಸೇಫ್ಟಿ ಸೇಫ್ಟಿ ಅಂತ ಮಾಡೋದ್ರಲ್ಲಿ ಅರ್ಧ ನಮ್ಮ ಟೆನ್ಷನ್ ಕಮ್ಮಿ ಮಾಡ್ಕೊಳಕ್ಕೇ ಹೊರತು ಅವರಿಗೋಸ್ಕರ ಅಲ್ಲ. ಸ್ಟೂಲ್ ಹತ್ತಬೇಡಿ, ಬಸ್ಸಲ್ಲಿ ಹೋಗಬೇಡಿ, ರಂಗೋಲಿ ಹಾಕೋದು ನಿಲ್ಲಿಸಿ ಸಾಕು, ಹೂವು ಆನ್‌ಲೈನಲ್ಲಿ ತರಿಸೋಣ, ಹಿಂಗೆ ಒಂದೊಂದೇ ಕೆಲಸ ಕಿತ್ಕೊಂಡ್ರೆ ಕಾಲಿನ ಶಕ್ತಿ ಹೋಗುತ್ತೆ, ಶಕ್ತಿ ಹೋದ್ಮೇಲೆ ಬೀಳ್ತಾರೆ, ಆಮೇಲೆ ನೋಡಿ ನಾವು ಹೇಳಿರಲಿಲ್ವಾ ಅಂತ ನಾವೇ ಹೇಳ್ತೀವಿ.

ಬೀಳೋದು ಸಣ್ಣ ವಿಷಯ ಅಂತ ಹೇಳ್ತಿಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ, ಅದರಲ್ಲಿ ಹೆಚ್ಚಿನವರು 60 ದಾಟಿದೋರು. ಸೊಂಟದ ಮೂಳೆ ಮುರಿದ್ರೆ ಮೊದಲಿನ ಹಾಗೆ ಓಡಾಡೋದು ಎಷ್ಟೋ ಜನಕ್ಕೆ ಆಗೋದೇ ಇಲ್ಲ. ಅದಕ್ಕೇ ನಾನು ಅತ್ತೆಗೆ ಬುದ್ಧಿ ಹೇಳೋದು ನಿಲ್ಲಿಸಿ ಮನೆನ ನೋಡೋಕೆ ಕೂತೆ.

ಮೊದಲು ಬಚ್ಚಲು. ನಮ್ಮ ಕಡೆ ಮನೆಗಳಲ್ಲಿ ಬಾತ್‌ರೂಮ್ ಬಾಗಿಲು ಒಳಗಡೆಗೆ ತೆಗೆಯೋ ಹಾಗಿರುತ್ತೆ, ಒಳಗಿಂದ ಚಿಲಕ. ಇದರಲ್ಲಿರೋ ಅಪಾಯ ಯಾರಿಗೂ ಹೊಳೆಯೋದೇ ಇಲ್ಲ. ಒಳಗೆ ಬಿದ್ದೋರು ಬಾಗಿಲಿಗೆ ಅಡ್ಡ ಬಿದ್ದಿರ್ತಾರೆ, ಹೊರಗಿಂದ ತಳ್ಳಿದ್ರೆ ಅವರಿಗೇ ಪೆಟ್ಟು, ತಳ್ಳದಿದ್ರೆ ಒಳಗೆ ಹೋಗಕ್ಕಾಗಲ್ಲ, ಮೇಲೆ ಚಿಲಕ ಬೇರೆ. ಕಾರ್ಪೆಂಟರ್‌ನ ಕರೆಸಿ ಕೀಲು ಬದಲಾಯಿಸಿ ಬಾಗಿಲು ಹೊರಗಡೆ ತೆಗೆಯೋ ಹಾಗೆ ಮಾಡಿಸಿದ್ವಿ, ಚಿಲಕದ ಜಾಗಕ್ಕೆ ಹೊರಗಿಂದ ಒಂದು ಕಾಯಿನ್ ಹಾಕಿ ತಿರುಗಿಸಿದ್ರೆ ತೆಗೆಯೋ ಲಾಕ್ ಹಾಕಿಸಿದ್ವಿ. ಅರ್ಧ ದಿನದ ಕೆಲಸ ಅಷ್ಟೇ.

ಆಮೇಲೆ ಹಿಡ್ಕೊಳೋ ಕಂಬಿ. ಪ್ಲಂಬರ್ ಬಂದವನು "ಟವೆಲ್ ರಾಡ್ ಇದೆಯಲ್ಲ ಮೇಡಂ, ಅದನ್ನೇ ಹಿಡ್ಕೊಳ್ಳಿ" ಅಂದ. ಟವೆಲ್ ರಾಡು ಒದ್ದೆ ಟವೆಲ್ಲಿನ ಭಾರ ತಡ್ಕೊಂಡ್ರೆ ಹೆಚ್ಚು, ಜಾರ್ತಾ ಇರೋ ಮನುಷ್ಯರು ಹಿಡಿದ್ರೆ ಗೋಡೆಯಿಂದ ಕಿತ್ಕೊಂಡೇ ಬರುತ್ತೆ. ಗಾಜಿಗೆ ಅಂಟೋ ಥರದ ಸಕ್ಷನ್ ಹಿಡಿಕೆಗಳನ್ನೂ ನಂಬಬಾರದು. ಟೈಲ್ಸ್ ತೂತು ಮಾಡಿ ಇಟ್ಟಿಗೆ ತನಕ ಹೋಗೋ ಬೋಲ್ಟ್ ಹಾಕಬೇಕು, ಕಂಬಿ ಒಂದೂಕಾಲರಿಂದ ಒಂದೂವರೆ ಇಂಚು ದಪ್ಪ ಇರಬೇಕು, ಮುಷ್ಟಿ ಪೂರ್ತಿ ಸುತ್ತಬೇಕಲ್ಲ. ಎಲ್ಲಿ ಹಾಕೋದು ಅಂತ ನಾವು ತೀರ್ಮಾನ ಮಾಡಬಾರದು. ಅತ್ತೆನ ಕಮೋಡ್ ಮೇಲೆ ಕೂರಿಸಿ, ಏಳಿ ಅಂದು, ಕೈ ತಾನಾಗೇ ಎಲ್ಲಿ ಗೋಡೆ ಹುಡುಕುತ್ತೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಮಾಡಿದ್ವಿ. ಅದು ನಾನು ಅಂದ್ಕೊಂಡಿದ್ದಕ್ಕಿಂತ ಒಂದು ಗೇಣು ಮುಂದಕ್ಕಿತ್ತು.

ನೀರಿಂದೇ ಇನ್ನೊಂದು ಕಥೆ. ಮೈಸೂರಲ್ಲಿ ಸುಮಾರು ಮನೆ ಮೇಲೆ ಸೋಲಾರ್ ಇರುತ್ತೆ, ಬೇಸಿಗೆಲಿ ಮಧ್ಯಾಹ್ನದ ಹೊತ್ತಿಗೆ ನಲ್ಲಿ ಬಿಟ್ರೆ ಹೊಗೆ ಬರುತ್ತೆ. 60 ಡಿಗ್ರಿ ನೀರು ಕೆಲವೇ ಸೆಕೆಂಡಲ್ಲಿ ಚರ್ಮ ಸುಡುತ್ತೆ, ವಯಸ್ಸಾದೋರ ಚರ್ಮ ತೆಳು, ಸುಟ್ಟಿದ್ದೂ ತಡವಾಗಿ ಗೊತ್ತಾಗುತ್ತೆ, ಶುಗರ್ ಇದ್ದೋರಿಗಂತೂ ಕಾಲಿಗೆ ಗೊತ್ತೇ ಆಗಲ್ಲ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಇದೊಂದು ರೂಲ್ ಅತ್ತೆ ತಕರಾರಿಲ್ದೆ ಒಪ್ಕೊಂಡ್ರು. ಗ್ಯಾಸ್ ಗೀಸರ್ ಬಾತ್‌ರೂಮ್ ಒಳಗೇ ಇದ್ರೆ ದಯವಿಟ್ಟು ಈ ವಾರನೇ ಹೊರಗೆ ಹಾಕಿಸಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಿಟಕಿ ಮುಚ್ಚಿದ ಬಚ್ಚಲಲ್ಲಿ ತಲೆ ಸುತ್ತೋದೇ ಮೊದಲ ಸೂಚನೆ, ಅಷ್ಟರಲ್ಲಿ ಬಾಗಿಲ ತನಕ ಬರೋ ಶಕ್ತಿ ಇರಲ್ಲ.

ಹೊಸಿಲು ಮಾತ್ರ ಮುಟ್ಟಲಿಲ್ಲ. ಮುಂಬಾಗಿಲ ಹೊಸಿಲಿಗೆ ಅವರು ದಿನಾ ಅರಿಶಿನ ಕುಂಕುಮ ಹಚ್ತಾರೆ, ಅದನ್ನ ತೆಗಿಸೋಣ ಅಂದಿದ್ರೆ ಮನೆಯಿಂದ ನನ್ನನ್ನೇ ತೆಗೀತಿದ್ರು. ಅದಕ್ಕೆ ಅಂಚಿಗೆ ಹಳದಿ ಪೇಂಟ್ ಬಳಿದು, ಪಕ್ಕದ ಗೋಡೆಗೆ ಇನ್ನೊಂದು ಕಂಬಿ. ಅಡುಗೆಮನೆ, ರೂಮಿನ ಹೊಸಿಲು ಅವರೇ ಒಡೆಸಿ ಅಂದ್ರು, ಅಲ್ಲೇನು ಲಕ್ಷ್ಮಿ ಕೂತಿರಲ್ಲ ಅಂತ. ರಂಗೋಲಿಗೆ ನಮ್ಮ ಕಝಿನ್ ಸ್ಟಿಕ್ಕರ್ ತಂದ್ಕೊಟ್ಟಿದ್ಲು, ಅದು ಈಗ ಫ್ರಿಜ್ ಮೇಲಿದೆ. ನೀರು ಹಾಕಿದ್ಮೇಲೆ ಉದ್ದ ಹಿಡಿಯ ವೈಪರಲ್ಲಿ ತಳ್ಳಿ, ಕಾಫಿ ಕುಡಿದು, ನೆಲ ಆರಿದ ಮೇಲೆ ರಂಗೋಲಿ, ಹಿಂಗಂತ ಅವರೇ ಟೈಮಿಂಗ್ ಬದಲಾಯಿಸ್ಕೊಂಡ್ರು. ಬಗ್ಗೋದು ಏಳೋದು ಅವರಿಗೆ ವ್ಯಾಯಾಮ, ಅದನ್ನ ನಾವ್ಯಾಕೆ ತಪ್ಪಿಸಬೇಕು.

ವ್ಯಾಯಾಮ ಅಂದ್ರೆ ನೆನಪಾಯ್ತು, ಕೈ ಊರದೆ, ಎರಡೂ ಕೈ ಎದೆ ಮೇಲೆ ಕಟ್ಕೊಂಡು 30 ಸೆಕೆಂಡಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರ್ತಾರೆ ಅಂತ ಒಂದು ಟೆಸ್ಟ್ ಇದೆ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರದ್ದು. 80ರಿಂದ 84 ವಯಸ್ಸಿನ ಹೆಂಗಸರು 9ಕ್ಕಿಂತ ಕಮ್ಮಿ ಮಾಡಿದ್ರೆ ಬೀಳೋ ಅಪಾಯ ಜಾಸ್ತಿ ಅಂತ ಲೆಕ್ಕ. ಕುರ್ಚಿ ಗೋಡೆಗೆ ಒತ್ತಿರಬೇಕು, ಪಕ್ಕದಲ್ಲಿ ಯಾರಾದ್ರೂ ನಿಂತಿರಬೇಕು. ಅತ್ತೆ ಮೊದಲ ಸಲ ಏಳು ಮಾಡಿದ್ರು, ಸಿಟ್ಟು ಬಂತು, ಈಗ ಟಿವಿ ಸೀರಿಯಲ್ಲಿನ ಜಾಹೀರಾತು ಬಂದಾಗಲೆಲ್ಲ ಎದ್ದು ಕೂರ್ತಾರೆ. ಕನ್ನಡ ಸೀರಿಯಲ್ಲಲ್ಲಿ ಜಾಹೀರಾತಿಗೆ ಬರ ಇಲ್ವಲ್ಲ.

ಮಾತ್ರೆಗಳ ಬಗ್ಗೆ ಯಾರೂ ಯೋಚಿಸಲ್ಲ. ಬಿಪಿ ಮಾತ್ರೆ ಒಬ್ಬ ಡಾಕ್ಟ್ರು, ನಿದ್ದೆ ಮಾತ್ರೆ ಇನ್ನೊಬ್ರು, ನೆಗಡಿಗೆ ಮೆಡಿಕಲ್ ಶಾಪಿನವನೇ ಕೊಟ್ಟಿದ್ದು ಒಂದು, ಮಂಡಿ ನೋವಿಗೆ ಪಕ್ಕದ ಮನೆಯವರು ಕೊಟ್ಟಿದ್ದು ಇನ್ನೊಂದು. ನಿದ್ದೆ ಮಾತ್ರೆ, ನೆಗಡಿ ಮಾತ್ರೆ ಎರಡೂ ಮಂಪರು ತರ್ತವೆ, ಬಿಪಿ ಮಾತ್ರೆ ತಗೊಂಡೋರು ರಾತ್ರಿ ದಡಕ್ಕನೆ ಎದ್ರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತೆ, ಅದೇ ಹೊತ್ತಲ್ಲಿ ಬಾತ್‌ರೂಮಿಗೆ ಹೋಗೋದು. ಮನೆಲಿರೋ ಎಲ್ಲ ಸ್ಟ್ರಿಪ್ಪುಗಳನ್ನೂ, ಆಯುರ್ವೇದದ ಡಬ್ಬಿನೂ ಸೇರಿಸಿ ಒಂದು ಬಟ್ಟೆ ಚೀಲಕ್ಕೆ ಹಾಕ್ಕೊಂಡು ಒಬ್ಬರೇ ಡಾಕ್ಟ್ರ ಹತ್ರ ಹೋಗಿ ಟೇಬಲ್ ಮೇಲೆ ಸುರಿದ್ವಿ. ಅವರು ನೋಡಿ ನೋಡಿ ಕೆಲವನ್ನ ಪಕ್ಕಕ್ಕಿಟ್ರು. ನಾವಾಗಿ ನಾವೇ ಯಾವುದನ್ನೂ ನಿಲ್ಲಿಸಬಾರದು, ಅದೂ ಅಪಾಯನೇ. ಈಗ ರಾತ್ರಿ ಎಚ್ಚರ ಆದ್ರೆ ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು ಆಮೇಲೆ ಏಳ್ತಾರೆ, ದಾರಿಗೆ ಸಣ್ಣ ಎಲ್‌ಇಡಿ ದೀಪ ಹಾಕಿದೀವಿ, ಕರೆಂಟ್ ಹೋದ್ರೆ ಅಂತ ದಿಂಬಿನ ಕೆಳಗೆ ಟಾರ್ಚು. ಮೆಟ್ಟಿಲು ಇಳಿಯುವಾಗ, ದೂರಕ್ಕೂ ಓದಕ್ಕೂ ಒಂದೇ ಗಾಜಿರೋ ಪ್ರೋಗ್ರೆಸಿವ್ ಕನ್ನಡಕದ ಕೆಳಭಾಗದಲ್ಲಿ ನೆಲ ಮಸುಕಾಗಿ ಕಾಣುತ್ತೆ, ಅದಕ್ಕೆ ದೂರದ್ದಕ್ಕೇ ಅಂತ ಬೇರೆ ಕನ್ನಡಕ. ಇದನ್ನ ಕಣ್ಣಿನ ಡಾಕ್ಟ್ರೇ ಹೇಳಿದ್ದು.

ಕ್ಯಾಮೆರಾ ವಿಷಯಕ್ಕೆ ಮನೇಲಿ ದೊಡ್ಡ ಜಗಳನೇ ಆಯ್ತು. ನ್ಯೂಜೆರ್ಸಿಲಿರೋ ಕಝಿನ್ ಹಾಲಿಗೊಂದು, ಅಡುಗೆಮನೆಗೊಂದು ಕ್ಯಾಮೆರಾ ಹಾಕಿ ಅಲ್ಲಿಂದ ನೋಡ್ತೀನಿ ಅಂದ. ಅತ್ತೆ ಹೇಳಿದ್ದು ಒಂದೇ ಮಾತು, "ನಾನು ಕೆಲಸ ಮಾಡಿದ್ದೇ ಬೇರೆಯೋರ ಮಾತು ಕೇಳಿಸ್ಕೊಬಾರದು ಅನ್ನೋ ಜಾಗದಲ್ಲಿ." ಕ್ಯಾಮೆರಾ ಈಗ ಗೇಟಿಗೆ ಮಾತ್ರ ಇದೆ, ಬಂದವರ ಮುಖ ನೋಡೋಕೆ. ಅದಕ್ಕಿಂತ ಒಳ್ಳೆ ಸಿಸ್ಟಮ್ ಹಾಲಿನ ಚೀಲ. ಬೆಳಿಗ್ಗೆ ಗೇಟಿಗೆ ನೇತಾಕಿರೋ ಚೀಲಕ್ಕೆ ಹುಡುಗ ನಂದಿನಿ ಪ್ಯಾಕೆಟ್ ಹಾಕಿ ಹೋಗ್ತಾನೆ, ಆರೂವರೆಗೂ ಚೀಲ ಅಲ್ಲೇ ಇದ್ರೆ ಎದುರು ಮನೆಯವರು ಫೋನ್ ಮಾಡ್ತಾರೆ, ಎತ್ತಲಿಲ್ಲ ಅಂದ್ರೆ ಬೀಗದ ಕೈ ಅವರ ಹತ್ರನೇ ಇದೆ. ಬಿದ್ದದ್ದಕ್ಕಿಂತ ಬಿದ್ದು ಗಂಟೆಗಟ್ಲೆ ನೆಲದ ಮೇಲೇ ಇರೋದೇ ಎಷ್ಟೋ ಸಲ ಹೆಚ್ಚು ಡ್ಯಾಮೇಜ್ ಮಾಡುತ್ತೆ, ನೀರಿಲ್ಲ, ಸ್ನಾಯು ಒತ್ತಿ ಒತ್ತಿ ಕೆಡುತ್ತೆ, ಕಿಡ್ನಿಗೂ ಪೆಟ್ಟು. ಮೊಬೈಲು ಕೊರಳಿಗೆ ನೇತಾಕ್ಕೊಳೋ ಪೌಚ್ ಹೊಲಿಸಿದ್ವಿ, ಬಚ್ಚಲಿಗೂ ಅದು ಜೊತೆಗೇ ಹೋಗುತ್ತೆ, ಗಿಳಿಗೂಟಕ್ಕೆ ಹಾಕ್ತಾರೆ ಆದ್ರೆ ನೆಲದಿಂದ ಕೈಗೆ ಎಟುಕೋ ಎತ್ತರದ ಗಿಳಿಗೂಟ. ಲ್ಯಾಂಡ್‌ಲೈನ್ ಅಂತೂ ಮಂಚದ ಪಕ್ಕ ಇದ್ದೇ ಇದೆ, ಹಳೇ ಕ್ಯಾಲೆಂಡರ್ ಹಿಂದೆ ದಪ್ಪ ಅಕ್ಷರದಲ್ಲಿ ನಂಬರ್‌ಗಳು: ಯಾವುದೇ ತುರ್ತಿಗೆ 112, ಆಂಬುಲೆನ್ಸ್‌ಗೆ 108, ಹಿರಿಯರ ಸಹಾಯವಾಣಿ 14567, ಸೈಬರ್ ಮೋಸಕ್ಕೆ 1930. 14567 ಬೆಳಿಗ್ಗೆ 8ರಿಂದ ರಾತ್ರಿ 8ರ ತನಕ ಅಷ್ಟೇ, ನೆನಪಿರ್ಲಿ. ಬೆಂಗಳೂರಲ್ಲಿರೋರಿಗೆ ಪೊಲೀಸ್ ಇಲಾಖೆ, ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ 2002ರಲ್ಲಿ ಶುರು ಮಾಡಿದ 1090 ಇದೆ. "ಡಿಜಿಟಲ್ ಅರೆಸ್ಟ್" ಅಂತ ಒಬ್ಬ ಫೋನ್ ಮಾಡಿ ಹೆದರಿಸಕ್ಕೆ ನೋಡಿದ, ಅತ್ತೆ ಅವನಿಗೆ ಯಾವ ಎಕ್ಸ್‌ಚೇಂಜಿಂದ ಮಾತಾಡ್ತಿದೀಯ ಅಂತ ಕೇಳಿದ್ರಂತೆ.

ಬ್ಯಾಂಕ್ ಕೆಲಸ ಬೇಗ ಹೇಳ್ಬಿಡ್ತೀನಿ. 70 ದಾಟಿದೋರಿಗೆ ಮನೆ ಬಾಗಿಲಲ್ಲೇ ಸರ್ವೀಸ್ ಕೊಡಿ ಅಂತ ಆರ್‌ಬಿಐ 2017ರಲ್ಲೇ ಹೇಳಿದೆ. ಅತ್ತೆ ಅಕೌಂಟ್ ಇರೋ ಬ್ರಾಂಚಲ್ಲಿ ಕೇಳಿದ್ರೆ ಒಬ್ರ ಮುಖ ಒಬ್ರು ನೋಡ್ಕೊಂಡ್ರು, ಲಿಖಿತವಾಗಿ ಕೊಟ್ಟ ಮೇಲೆ ಆಯ್ತು. ಪೆನ್ಷನ್‌ಗೆ ವರ್ಷವರ್ಷ ಬದುಕಿದೀವಿ ಅಂತ ಕೊಡೋ ಲೈಫ್ ಸರ್ಟಿಫಿಕೇಟಿಗೆ ಮಾತ್ರ ಕ್ಯೂ ನಿಲ್ಲೋ ಅಗತ್ಯನೇ ಇಲ್ಲ, ಅದನ್ನ ಡಿಜಿಟಲ್ ಆಗಿ ಕೊಡೋ ಜೀವನ್ ಪ್ರಮಾಣ್ 2014ರಿಂದ ಇದೆ, ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡ್ಕೊಡ್ತಾರೆ. ಬೆರಳಚ್ಚು ಸವೆದು ಹೋಗಿದ್ರೆ ಮುಖ ತೋರಿಸಿದ್ರೂ ನಡೆಯುತ್ತೆ. ಕೇಂದ್ರ ಸರ್ಕಾರದ ಪೆನ್ಷನ್ ತಗೊಳ್ಳೋರು 80 ದಾಟಿದ್ರೆ ನವೆಂಬರ್ ತನಕ ಕಾಯಬೇಕಿಲ್ಲ, ಅಕ್ಟೋಬರಲ್ಲೇ ಕೊಡಬಹುದು.

2023ರ ಜೂನಿಂದ ಶಕ್ತಿ ಯೋಜನೆ ಬಂತಲ್ಲ, ಆಧಾರ್ ತೋರಿಸಿ ದೇವರಾಜ ಮಾರ್ಕೆಟ್ಟಿಗೆ ಹೂವು ತರಕ್ಕೆ ಬಸ್ಸಲ್ಲೇ ಹೋಗ್ತಾರೆ. ಬಸ್ಸಿನ ಮೆಟ್ಟಿಲು ಎತ್ತರ ಅಂತ ನಂಗೆ ಭಯ, ಅವರು ಕಂಡಕ್ಟರ್ ಕೈ ಹಿಡಿದು ಹತ್ತಿಸ್ತಾನೆ ಅಂತಾರೆ. ಹೋಗ್ಲಿ.

ಇನ್ನೊಂದು ವಿಷಯ ನಮ್ಮ ಕಝಿನ್ಸ್ ವಾಟ್ಸಾಪ್ ಗ್ರೂಪಿಗೆ ಅಂತಲೇ ಬರೀತಿದೀನಿ. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಮಕ್ಕಳಿಲ್ಲದ ಹಿರಿಯರ ಆಸ್ತಿ ಯಾರಿಗೆ ಹೋಗುತ್ತೋ ಆ ವಾರಸುದಾರರೂ ಅವರನ್ನ ನೋಡ್ಕೊಳೋ ಜವಾಬ್ದಾರಿ ಇರೋರೇ, ಸುಮ್ನಿದ್ರೆ ಅಸಿಸ್ಟೆಂಟ್ ಕಮಿಷನರ್ ಆಫೀಸಲ್ಲಿ ಅರ್ಜಿ ಹಾಕಬಹುದು. ಕುವೆಂಪುನಗರದಲ್ಲಿ ಈಗ ಸೈಟ್ ರೇಟ್ ಎಷ್ಟು ಅಂತ ಗ್ರೂಪಲ್ಲಿ ಕೇಳೋರು ಬಚ್ಚಲಿನ ಕಂಬಿಗೆ ಎಷ್ಟಾಯ್ತು ಅಂತ ಒಂದಿನನೂ ಕೇಳಲಿಲ್ಲ.

ಯಾವಾಗಲೂ ಹಿಂಗೇ ನಡೆಯುತ್ತೆ ಅಂತ ನಾನು ಅಂದ್ಕೊಂಡಿಲ್ಲ. ಪಾತ್ರೆ ಮೇಲಿಂದ ಮೇಲೆ ಸೀದು ಹೋಗೋದು, ಒಂದೇ ಮಾತ್ರೆ ಎರಡು ಸಲ ತಗೊಳೋದು, ಕರೆಂಟ್ ಬಿಲ್ ಕಟ್ಟೋದು ಮರೆಯೋದು, ಗೊತ್ತಿರೋ ರಸ್ತೆಲೇ ದಾರಿ ತಪ್ಪೋದು, ರವಿಕೆ ಸಡಿಲ ಆಗೋಷ್ಟು ಸಣ್ಣ ಆಗೋದು, ಇವು ಕಂಡ್ರೆ ಡಾಕ್ಟ್ರ ಹತ್ರ ಹೋಗೋದು, ಆಮೇಲೆ ಕೂತು ಮಾತಾಡೋದು ಅಂತ ಅತ್ತೆ ಜೊತೆಗೇ ಮಾತಾಗಿದೆ. ಲಿಸ್ಟ್ ಅವರ ಕೈಬರಹದಲ್ಲೇ ಇದೆ. ಕೊನೆಲಿ "ರಾತ್ರಿ ಜೊತೆಗೆ ಮಲಗೋಕೆ ಒಬ್ರು ಬರ್ಲಿ, ಬೆಂಗಳೂರು ಬೇಡ" ಅಂತ ಸೇರಿಸಿದಾರೆ.

ಸದ್ಯಕ್ಕೆ ತೀರದೆ ಉಳಿದಿರೋದು ಟೆರೇಸು. ಬೇಸಿಗೆ ಬಂದ್ರೆ ಸಂಡಿಗೆ ಹಾಕಲೇಬೇಕು, ಸಂಡಿಗೆ ಅಂದ್ರೆ ಮೇಲೆ ಹತ್ತಲೇಬೇಕು, ಮೆಟ್ಟಿಲಿಗೆ ಒಂದೇ ಕಡೆ ರೇಲಿಂಗ್, ಅದೂ ಇಳಿಯುವಾಗ ಎಡಕ್ಕೆ, ಅವರ ಎಡಗೈ ಭುಜ ಎತ್ತಕ್ಕಾಗಲ್ಲ. ಇನ್ನೊಂದು ಕಡೆಗೂ ಹಾಕಿಸಕ್ಕೆ ವೆಲ್ಡರ್ ಬಂದು ಅಳತೆ ತಗೊಂಡು ಹೋಗಿದಾನೆ, ಅಡ್ವಾನ್ಸೂ ಈಸ್ಕೊಂಡಿದಾನೆ, ಫೋನ್ ಮಾಡಿದಾಗಲೆಲ್ಲ ನಾಳೆ ಬರ್ತೀನಿ ಮೇಡಂ ಅಂತಾನೆ. ಅತ್ತೆ ಅಕ್ಕಿ ನೆನೆಹಾಕೋ ದಿನ ಗೊತ್ತು ಮಾಡಿ ಆಯ್ತು.