ಸತ್ತ ಕೀಟಾಣು ಬೆಳಗಬಾರ್ದು

ನಮ್ಮ ಚಿಕ್ಕಪ್ಪಂಗೆ ಟಿಬಿ ಅಂತ ಗೊತ್ತಾಗಿದ್ದು ಕಾಫಿ ಕೊಯ್ಲಿನ ಟೈಮಲ್ಲಿ. ಸಕಲೇಶಪುರದ ಹತ್ರ ತೋಟ, ಆಳು ಸಿಗ್ದೆ ಅವ್ರೇ ಹಣ್ಣು ಕುಯ್ಯೋಕೆ ಇಳಿದಿದ್ರು, ಕೆಮ್ಮು ಮಂಜಿಗೆ ಬಂದಿರೋದು ಅಂತ ಒಂದು ತಿಂಗ್ಳು ಕಷಾಯದಲ್ಲೇ ಕಳೆದ್ರು. ಆಮೇಲೆ ಹಾಸನದಲ್ಲಿ ಕಫ ಟೆಸ್ಟು, ಆರು ತಿಂಗಳ ಮಾತ್ರೆ, ಮೂತ್ರ ಕಿತ್ತಳೆ ಬಣ್ಣ ಬಂತು ಅಂತ ಗಾಬರಿ (ಅದು ರಿಫಾಂಪಿಸಿನ್ ಮಾತ್ರೆ ಬಣ್ಣ ಅಷ್ಟೇ, ಮನೇಲಿ ಯಾರಾದ್ರೂ ಹೆದರಿದ್ರೆ ಹೇಳಿ).

ಎರಡು ತಿಂಗ್ಳಾದ್ಮೇಲೆ ಮತ್ತೆ ಟೆಸ್ಟ್ ಮಾಡಿದ್ರೆ ಇನ್ನೂ ಪಾಸಿಟಿವ್! ಮಾತ್ರೆಗೆ ಬಗ್ಗದ ಟಿಬಿನಾ ಅಂತ ಚಿಕ್ಕಮ್ಮ ಹರಕೆ ಹೊತ್ಕೊಂಡ್ರು. ವಿಷ್ಯ ಏನಂದ್ರೆ ಮೈಕ್ರೋಸ್ಕೋಪ್ ಕೆಳಗೆ ಹಾಕೋ ಆರಮಿನ್ ಬಣ್ಣ ಸತ್ತ ಕೀಟಾಣುಗೂ ಹತ್ತುತ್ತೆ, ಬದುಕಿರೋದಕ್ಕೂ ಹತ್ತುತ್ತೆ, ಕಫದಲ್ಲಿ ಟಿಬಿ ಡಿಎನ್‌ಎ ಹುಡುಕೋ ಸಿಬಿನ್ಯಾಟ್ ಮಷೀನೂ ಸತ್ತವುಗಳ ಡಿಎನ್‌ಎ ಹಿಡಿದುಬಿಡ್ಬಹುದು. ಖಚಿತ ಆಗ್ಬೇಕಂದ್ರೆ ಕಲ್ಚರ್‌ಗೆ ಕಳಿಸ್ಬೇಕು, ಅಂದ್ರೆ ಲ್ಯಾಬಲ್ಲಿ ಕೀಟಾಣು ಬೆಳೆಯುತ್ತಾ ಅಂತ ನೋಡೋದು, ಬದುಕಿರೋದು ಮಾತ್ರ ಬೆಳೆಯುತ್ತೆ. ಈ ಕೀಟಾಣು ಒಂದು ಎರಡಾಗೋಕೇ ಹತ್ತಿರ ಹತ್ತಿರ 20 ಗಂಟೆ ತಗೊಳುತ್ತೆ, ಅದಕ್ಕೇ ವಾರಗಟ್ಟಲೆ ಕಾಯೋದು.

ನಾನು ಬಯೋಕೆಮಿಸ್ಟ್ರಿ ಓದಿದವ್ಳು, ಸುಮ್ನೆ ಕೂರೋಕಾಗ್ಲಿಲ್ಲ, ರಾತ್ರಿಯೆಲ್ಲಾ ಓದ್ದೆ. 2018ರಲ್ಲಿ ಕ್ಯಾರೊಲಿನ್ ಬರ್ಟೋಝಿ (2022ರಲ್ಲಿ ಕೆಮಿಸ್ಟ್ರಿ ನೊಬೆಲ್ ಬಂತಲ್ಲ, ಅವ್ರೇ) ತಂಡ ಟ್ರೆಹಲೋಸ್ ಅನ್ನೋ ಸಕ್ಕರೆಗೆ ಒಂದು ಡೈ ಅಂಟಿಸಿ ಪ್ರೋಬ್, ಅಂದ್ರೆ ಕೀಟಾಣು ಪತ್ತೆ ಹಚ್ಚೋ ಅಣು, ಮಾಡ್ತು. ಟಿಬಿ ಕೀಟಾಣು ತನ್ನ ಜಿಡ್ಡಿನ ಹೊರಕವಚ ಕಟ್ಟೋಕೆ ಈ ಸಕ್ಕರೆ ಬಳಸುತ್ತೆ, ಅದರ ಎಂಜೈಮೇ (ರಾಸಾಯನಿಕ ಕೆಲ್ಸ ನಡೆಸೋ ಪ್ರೋಟೀನು) ಪ್ರೋಬನ್ನೂ ತನ್ನ ಸಕ್ಕರೆ ಅಂದ್ಕೊಂಡು ಕವಚಕ್ಕೆ ಸೇರಿಸಿಬಿಡುತ್ತೆ. ನೀರಲ್ಲಿ ಮಂಕಾಗಿರೋ ಡೈ ಆ ಜಿಡ್ಡೊಳಗೆ ಹೋದ್ಮೇಲೆ ಝಗ್ಗಂತ ಹೊಳೆಯುತ್ತೆ. ಸತ್ತದ್ದು ಕವಚ ಕಟ್ಟಲ್ಲ, ಹೊಳೆಯೋದೂ ಇಲ್ಲ. ಇದನ್ನ ಓದಿ ನಂಗೆ ಕಣ್ಣಲ್ಲಿ ನೀರು ಬಂತು, ನಿಜ.

ಇನ್ನೊಂದು ಥರದ ಪ್ರೋಬ್ ಇದೆ. ಪೆನಿಸಿಲಿನ್ ಜಾತಿಯ ಔಷಧಿನ ಕತ್ತರಿಸಿ ಹಾಕೋ ಬ್ಲಾ-ಸಿ (BlaC) ಅನ್ನೋ ಎಂಜೈಮ್ ಟಿಬಿ ಕೀಟಾಣುಗಿದೆ, ಅದು ಕತ್ತರಿಸಿದ ಕೂಡ್ಲೇ ಬೆಳಕು ಬಿಡೋ ಹಾಗೆ ಅಣುನ ಕಟ್ಟಿದಾರೆ. ನಮ್ಮ ಔಷಧಿನ ಸೋಲಿಸೋ ಆಯುಧಾನೇ ಕೀಟಾಣು ಎಲ್ಲಿದೆ ಅಂತ ಹೇಳಿಕೊಡುತ್ತೆ.

ಹೊಸ ಔಷಧಿ ಹುಡುಕೋಕೂ ಇದೇ ದಾರಿ. ನೂರಾರು ಗುಳಿ ಇರೋ ಪ್ಲೇಟಲ್ಲಿ ಎಂಜೈಮು, ಪ್ರೋಬು, ಒಂದೊಂದು ಗುಳಿಗೆ ಒಂದೊಂದು ರಾಸಾಯನಿಕ, ಎಲ್ಲಿ ಬೆಳಕು ಕಮ್ಮಿಯಾಯ್ತೋ ಅಲ್ಲಿ ಎಂಜೈಮ್ ಕೆಲ್ಸ ನಿಂತಿದೆ ಅಂತ ಲೆಕ್ಕ. ಆದ್ರೆ ಕೆಲವು ರಾಸಾಯನಿಕ ಎಂಜೈಮ್‌ನ ಮುಟ್ಟದೇ ಬರೀ ಬೆಳಕನ್ನೇ ನುಂಗಿ ಮೋಸ ಮಾಡ್ತಾವೆ, ಬೇರೆ ವಿಧಾನದಲ್ಲಿ ಮತ್ತೆ ಪರೀಕ್ಷೆ ಮಾಡ್ಲೇಬೇಕು. ಗೆದ್ದದ್ದೂ ಆ ದಪ್ಪ ಕವಚ ದಾಟಿ ಒಳಗೆ ಹೋಗ್ಬೇಕು, ಅಲ್ಲೇ ಎಷ್ಟೋ ಸೋಲೋದು.

ಚಿಕ್ಕಪ್ಪನ ಕಲ್ಚರ್ ರಿಪೋರ್ಟ್ ಬರೋಕೆ ಆರು ವಾರ ಹಿಡೀತು. ನೆಗೆಟಿವ್. ಕಂಡಿದ್ದೆಲ್ಲಾ ಸತ್ತ ಕೀಟಾಣುಗಳೇ. ಆ ಆರು ವಾರ ಅವ್ರು ಜಗಲಿಲಿ ಒಬ್ರೇ ಕೂತು ಉಂಡ್ರು, ಮೊಮ್ಮಗಳು ಬಾಗ್ಲಲ್ಲಿ ನಿಂತು ತಾತಾ ಅಂದ್ರೂ ಹತ್ರ ಬರಬೇಡ ಅಂತ ಕೈ ಆಡಿಸ್ತಿದ್ರು.